ಮೂಗು, ಮಚ್ಚೆ ಮತ್ತು ನನ್ನ ತಮ್ಮನ ತಲೆ

ಇವತ್ತು ನಗಲೇಬಾರದು ಎಂದು ಗಟ್ಟಿ ಮನಸ್ಸು ಮಾಡಿಕೊಂಡೇ ನಾನು ಪ್ರತಿ ಭಾನುವಾರ ಕೆಲಸಕ್ಕೆ ಹೋಗುತ್ತೇನೆ. ಹನ್ನೊಂದು ಗಂಟೆಯೊಳಗೆ ಯಾರಾದರೂ ಒಬ್ಬರು ಮೆಟ್ಟಿಲು ಹತ್ತಿ ಬಂದು ಅದನ್ನು ಕೆಡಿಸುತ್ತಾರೆ.

ತೆಲುಗು ಸೀಮೆಯ ಗಡಿಯಲ್ಲಿರುವ ಆದೋನಿಯ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ದವಾಖಾನೆ. ಚರ್ಮ, ಕೂದಲು, ಮುಖದ ಆಪರೇಷನ್ನು, ಎಲ್ಲ ಇಲ್ಲೇ. ಮುಂದಿನ ಮೇಜಿನ ಹಿಂದೆ ಕೂತು ಚೀಟಿ ಬರೆಯುವವಳು ನಾನು. ಡಾಕ್ಟರು ವಾರಕ್ಕೊಮ್ಮೆ ಹೈದರಾಬಾದಿನಿಂದ ಬರುತ್ತಾರೆ, ಅವರಿಗೆ ಕನ್ನಡ ಬಾರದು. ನಮ್ಮ ಕಡೆಯವರಿಗೆ ತೆಲುಗು ಬರುತ್ತದೆ, ಆದರೆ ನಾಚಿಕೆಯಾದ ತಕ್ಷಣ ಬಾಯಿಗೆ ಕನ್ನಡವೇ ಬರುತ್ತದೆ. ಈ ದವಾಖಾನೆಗೆ ಬರುವವರೆಲ್ಲ ನಾಚಿಕೊಂಡೇ ಬರುವವರು. ಹಾಗಾಗಿ ನಡುವೆ ನಿಂತು ಮಾತು ದಾಟಿಸುವ ಕೆಲಸವೂ ನನ್ನದೇ.

ಯಾರ ಹೆಸರನ್ನೂ ಹೇಳುವುದಿಲ್ಲ, ಹೇಳಿದರೆ ನನ್ನ ನೌಕರಿ ಹೋಗುತ್ತದೆ. ಒಬ್ಬನ ವಿಷಯದಲ್ಲಿ ಮಾತ್ರ ನನಗೆ ನಗು ಬರುತ್ತಿರಲಿಲ್ಲ. ಅವನು ನನ್ನ ಒಡಹುಟ್ಟಿದ ತಮ್ಮ. ಮೂವತ್ನಾಲ್ಕು ವಯಸ್ಸು, ಹಾಲಹರವಿಯಲ್ಲಿ ಸರ್ಕಾರಿ ನೌಕರಿ, ಒಂದು ಕೆಟ್ಟ ಚಟವಿಲ್ಲ. ಮದುವೆ ಮಾತ್ರ ಆಗುತ್ತಿರಲಿಲ್ಲ. ಕಾರಣ ಅವನ ಹಣೆ. ಅದು ಎಲ್ಲಿ ಮುಗಿಯುತ್ತದೆ ಎಂದು ಹುಡುಕಿಕೊಂಡು ಹೋದರೆ ನೆತ್ತಿ ದಾಟಿ ಹಿಂದಕ್ಕೆ ಬಂದಿರುತ್ತಿದ್ದೆವು.

ಹಲ್ಲುನೋವಿನ ಬೀಗರು

ಮುಖ ಚಂದ ಮಾಡಿಸಿಕೊಳ್ಳಲು ಬರುವವರು ಮುಖ ಮುಚ್ಚಿಕೊಂಡೇ ಬರುತ್ತಾರೆ. ಹೆಣ್ಣುಮಕ್ಕಳಿಗೆ ಸ್ಕಾರ್ಫು, ಗಂಡಸರಿಗೆ ಟವೆಲ್ಲು. ಹೊಸಬರು ಬಂದರೆ ಇದು ದವಾಖಾನೆಯೋ ಕಳ್ಳರ ಸಭೆಯೋ ಎಂದು ಗಾಬರಿಯಾಗಬೇಕು.

ಒಂದು ಭಾನುವಾರ ಇಬ್ಬರು ಹಿರಿಯರು ಟವೆಲ್ಲು ಸುತ್ತಿಕೊಂಡು ಒಂದೇ ಬೆಂಚಿನಲ್ಲಿ ಒಂದು ಗಂಟೆ ಕೂತಿದ್ದರು. ಇಬ್ಬರೂ ಹತ್ತಿ ವ್ಯಾಪಾರದವರು. ಒಬ್ಬರು ಕಣ್ಣ ಕೆಳಗಿನ ಚೀಲ ತೆಗೆಸಬೇಕೆಂದು, ಇನ್ನೊಬ್ಬರು ಜೋಲುಬಿದ್ದ ಗಲ್ಲ ಎತ್ತಿಸಬೇಕೆಂದು ನನ್ನ ಹತ್ತಿರ ಪಿಸುಗುಟ್ಟಿ ಚೀಟಿ ಬರೆಸಿದ್ದರು. ಮೊದಲನೆಯವರಿಗೆ ಸೀನು ಬಂತು. ಸೀನಿದ ರಭಸಕ್ಕೆ ಟವೆಲ್ಲು ಕೆಳಗೆ ಬಿತ್ತು.

ಎರಡನೆಯವರು ಗಾಬರಿಯಲ್ಲಿ ತಮ್ಮ ಟವೆಲ್ಲನ್ನೂ ಸರಿಸಿಬಿಟ್ಟರು. "ಬೀಗರ! ನೀವಿಲ್ಲಿ?"

ಒಬ್ಬರ ಮಗಳನ್ನು ಇನ್ನೊಬ್ಬರ ಮಗನಿಗೆ ಹಿಂದಿನ ವರ್ಷ ಕೊಟ್ಟು ಮದುವೆ ಮಾಡಿದ್ದರಂತೆ.

"ಹಲ್ಲುನೋವು ಬೀಗರ, ತಡಕೊಳ್ಳಾಕ ಆಗವಲ್ದು. ನೀವು?"

"ನಂದೂ ಹಲ್ಲ ರೀ. ಎರಡು ದಿನ ಆತು ಊಟ ಇಲ್ಲ."

ಇಬ್ಬರೂ ನನ್ನ ಮುಖ ನೋಡಿದರು. ನನಗೂ ಪಾಪ ಅನಿಸಿತು. "ಹಲ್ಲಿನ ಡಾಕ್ಟರು ಹಿಂದಿನ ಬೀದ್ಯಾಗ ಅದಾರ್ರಿ, ನೀವು ತಪ್ಪಿ ಇಲ್ಲಿಗೆ ಬಂದೀರಿ" ಎಂದೆ. ಇಬ್ಬರೂ ನನಗೆ ಕೈಮುಗಿದು, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಇಳಿದುಹೋದರು.

ಮುಂದಿನ ಭಾನುವಾರ ಕಣ್ಣ ಚೀಲದವರು ಒಬ್ಬರೇ ಬಂದರು. "ಏನಾತ್ರಿ?" ಎಂದು ಕೇಳಿದೆ.

"ಏನಾಗೋದು ತಂಗಿ! ಹಲ್ಲಿನ ದವಾಖಾನ್ಯಾಗ ಅವರು ಹೋಗ್ಲಿ ಅಂತ ನಾ ಕುಂತೆ, ನಾ ಹೋಗ್ಲಿ ಅಂತ ಅವರು ಕುಂತ್ರು. ಅಷ್ಟರಾಗ ಡಾಕ್ಟರು ಕರದುಬಿಟ್ಟ. ಬೀಗರು ಬಾಗಲದಾಗ ನಿಂತು ನೋಡಾಕತ್ಯಾರ. ಮರ್ಯಾದಿ ಪ್ರಶ್ನೆ. ಎರಡು ಹಲ್ಲು ಕೀಳಿಸ್ಕೊಂಡು ಬಂದೆ."

ನಮಸ್ಕಾರ

ತಮ್ಮನ ಐದನೇ ಹೆಣ್ಣು ನೋಡುವ ಶಾಸ್ತ್ರಕ್ಕೆ ನಾವು ಮೂವರು ಹೋಗಿದ್ದೆವು: ತಮ್ಮ, ನಾನು, ಜೊತೆಗೆ ಕಾರು ಓಡಿಸಿಕೊಂಡು ಬಂದಿದ್ದ ನನ್ನ ಮೈದುನ. ಮೈದುನನಿಗೆ ಆಗಲೇ ಎರಡು ಮಕ್ಕಳು, ಆದರೆ ತಲೆ ತುಂಬ ಕೂದಲು.

ಹುಡುಗಿ ಒಳಗಿನಿಂದ ಚಹಾ ತಂದಳು. ಮೊದಲು ನನ್ನ ತಮ್ಮನಿಗೇ ಕೊಟ್ಟಳು. ನನಗೆ ಖುಷಿಯಾಯಿತು. ಆಮೇಲೆ ತಟ್ಟೆ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಅವನ ಪಾದ ಮುಟ್ಟಿ ನಮಸ್ಕಾರ ಮಾಡಿದಳು. ಎದ್ದು ನಿಂತು ನನ್ನ ಮೈದುನನ ಕಡೆ ನೋಡಿ ನಾಚಿಕೊಂಡಳು. ಮೈದುನನನ್ನು ಗಂಡು, ನನ್ನ ತಮ್ಮನನ್ನು ಗಂಡಿನ ಅಪ್ಪ ಅಂದುಕೊಂಡಿದ್ದಳು.

ನಾನು ನಕ್ಕುಬಿಟ್ಟೆ. ಬೇಕೆಂದು ನಗಲಿಲ್ಲ, ಚಹಾ ಗಂಟಲಲ್ಲಿದ್ದಾಗಲೇ ಬಂದ ನಗು. ಆ ನಗುವಿನ ವಿಷಯ ನೆನೆಸಿಕೊಂಡರೆ ಇವತ್ತಿಗೂ ನನಗೆ ಬೇಜಾರಾಗುತ್ತದೆ. ಅವತ್ತಿನಿಂದ ಅವನು ಯಾರ ಮನೆಗೂ ಹೆಣ್ಣು ನೋಡಲು ಬರಲಿಲ್ಲ. ನೆಂಟರ ಮದುವೆಗೂ ಬರಲಿಲ್ಲ.

"ನಮ್ಮ ದವಾಖಾನಿಗೆ ಬಾ, ಕೂದಲ ಹಾಕಸೋಣ" ಎಂದರೆ, "ಗಂಡಸರು ಮಾಡಿಸ್ಕೊಳ್ಳೋ ಕೆಲಸ ಏನಕ್ಕಾ ಅದು?" ಎಂದು ಎದ್ದುಹೋಗುತ್ತಿದ್ದ. ಭಾನುವಾರ ನನ್ನನ್ನು ಬೈಕಿನಲ್ಲಿ ತಂದು ಬಿಡುತ್ತಿದ್ದ, ಮೆಟ್ಟಿಲು ಮಾತ್ರ ಹತ್ತುತ್ತಿರಲಿಲ್ಲ.

ಅವತ್ತು ಆ ಹೆಣ್ಣು ನೋಡಿ ಮನೆಗೆ ಬರುವಾಗ ದಾರಿಯಲ್ಲಿ ಅವನು ಆಡಿದ್ದು ಒಂದೇ ಮಾತು. "ಅಕ್ಕಾ, ನಾನು ಆಶೀರ್ವಾದಾನೂ ಮಾಡಿಬಿಟ್ಟೆ."

ಸೀರಿಯಲ್ಲಿನ ಸೊಸೆಯ ಮೂಗು

ದೊಡ್ಡ ಮನೆತನದ ಹೆಣ್ಣುಮಗಳೊಬ್ಬರು, ನಲವತ್ತೈದರ ಆಸುಪಾಸು, ಬಂದು ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ಟೀವಿ ಸೀರಿಯಲ್ಲಿನ ಹಿರಿಸೊಸೆ. "ಈಕಿ ಮೂಗು ಬೇಕ್ರಿ ನನಗ. ಆಕಿ ಎಷ್ಟು ಅತ್ರೂ ಆ ಮೂಗು ಕೆಂಪಾಗೂದಿಲ್ಲ ನೋಡ್ರಿ."

ಅವರ ಸ್ವಂತ ಮೂಗಿಗೆ ಏನೂ ಆಗಿರಲಿಲ್ಲ. ಡಾಕ್ಟರು ಒಳ್ಳೆಯ ಮಾತಿನಲ್ಲಿ ಹೇಳಿದರು. ಕೇಳಲಿಲ್ಲ. ವಿಚಾರ ಮಾಡಿ ಬನ್ನಿ ಎಂದು ಡಾಕ್ಟರು ಎರಡು ತಿಂಗಳು ಮುಂದಿನ ತಾರೀಖು ಕೊಟ್ಟು ಕಳಿಸಿದರು.

ಆ ದಿನಕ್ಕೆ ಸರಿಯಾಗಿ ಬಂದರು, ಆದರೆ ಮುಖ ಬಾಡಿತ್ತು. ಕಳೆದ ವಾರ ಸೀರಿಯಲ್ಲಿನವರು ನಟಿಯನ್ನೇ ಬದಲಾಯಿಸಿದ್ದರು. ಸೊಸೆ ಅವಳೇ, ಗಂಡ ಅವನೇ, ಅಳುವುದೂ ಅಷ್ಟೇ. ಮೂಗು ಬೇರೆ.

"ಈಗ ಯಾವ ಮೂಗು ಅಂತೀರಿ?" ಎಂದೆ.

"ಹೊಸಾದು ಇನ್ನೂ ಕಣ್ಣಿಗೆ ಹೊಂದಿಲ್ಲ. ಇನ್ನೊಂದು ಹದಿನೈದು ದಿನ ನೋಡ್ತೀನಿ."

ನಾನು ಇದನ್ನು ಡಾಕ್ಟರಿಗೆ ತೆಲುಗಿನಲ್ಲಿ ಹೇಳಿದೆ. ಅವರು ನಗು ಒತ್ತಿಹಿಡಿದುಕೊಂಡು, "ಮಳ್ಳೀ ಮಾರ್ಚಿತೇ?" ಎಂದರು. ಮತ್ತೆ ನಟಿಯನ್ನು ಬದಲಾಯಿಸಿದರೆ ಏನು ಮಾಡುತ್ತೀರಿ ಎಂದು.

ಆಯಮ್ಮ ಗಂಭೀರವಾಗಿ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಅದನ್ನ ಕೇಳಾಕ ಬಂದೀನ್ರಿ. ನನ್ನ ಹಳೇ ಮೂಗು ನೀವು ಎತ್ತಿಟ್ಟಿರ್ತೀರೋ, ಇಲ್ಲಾ ನಾನ ಮನಿಗೆ ಒಯ್ಯಬೇಕೋ?"

ಫೋನಿನೊಳಗಿನವಳು

ದೇವನಕೊಂಡದ ಕಡೆಯಿಂದ ಒಬ್ಬ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದಳು. ಅಜ್ಜಿ ಹೊಲದ ಕೂಲಿಯವಳು, ಹುಡುಗಿ ಡಿಗ್ರಿ ಓದುವವಳು. ಮೂರು ದಿನ ಊಟ ಬಿಟ್ಟು ಹಟ ಮಾಡಿದಳೆಂದು ಅಜ್ಜಿ ಅವತ್ತಿನ ಕೂಲಿ ಬಿಟ್ಟು ಬಂದಿದ್ದಳು.

ಹುಡುಗಿ ಫೋನು ಮುಂದೆ ಹಿಡಿದು, "ಈಕಿ ಹಂಗ ಮಾಡ್ರಿ" ಎಂದಳು. ಗುಲಾಬಿ ಬಣ್ಣದ ಕೆನ್ನೆ, ಬೊಂಬೆಯ ಕಣ್ಣು, ಇದೆಯೋ ಇಲ್ಲವೋ ಅನ್ನುವಂಥ ಮೂಗು.

"ಎವರಮ್ಮಾ ಈ ಅಮ್ಮಾಯಿ?" ಎಂದರು ಡಾಕ್ಟರು, ಯಾರಮ್ಮಾ ಈ ಹುಡುಗಿ ಎಂದು.

"ನಾನ ಸರ್." ಫಿಲ್ಟರು ಹಾಕಿ ತೆಗೆದುಕೊಂಡ ಫೋಟೋ.

ಅಜ್ಜಿ ಫೋನು ಇಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು. "ಈಕಿ ಯಾವ ಊರಾಕಿ? ನಮ್ಮ ಮನಿತನದಾಗ ಇಂಥವರು ಯಾರೂ ಇಲ್ಲ. ಇಷ್ಟು ಮೂಗಿಗೆ ಮೂಗುಬಟ್ಟು ಎಲ್ಲಿ ಚುಚ್ಚೋದು?"

"ಅದು ನಾನಬೇ!"

"ನೀ ಆಗಿದ್ರ ನನಗ ಗುರುತು ಹತ್ತತಿರಲಿಲ್ಲೇನು?"

ಹುಡುಗಿಯ ಕಣ್ಣಲ್ಲಿ ನೀರು ಬಂತು. ಡಾಕ್ಟರು ಆ ಫಿಲ್ಟರನ್ನೇ ಅಜ್ಜಿಯ ಮುಖಕ್ಕೆ ಹಿಡಿಯಲು ಸನ್ನೆ ಮಾಡಿದರು. ನಾನು ಹಿಡಿದೆ. ಪರದೆಯ ಮೇಲೆ ಅಜ್ಜಿಯ ಸುಕ್ಕು ಮಾಯವಾಗಿ, ರೆಪ್ಪೆ ಉದ್ದವಾಗಿ, ಇಪ್ಪತ್ತರ ಹುಡುಗಿಯೊಬ್ಬಳು ಬಾಯಿ ತೆರೆದು ನಮ್ಮನ್ನು ನೋಡತೊಡಗಿದಳು. ಮೊಮ್ಮಗಳು ಅಳುತ್ತಲೇ ಕಿಸಕ್ಕನೆ ನಕ್ಕಳು. ಅಜ್ಜಿ ಮಾತ್ರ ನಗಲಿಲ್ಲ. ತಲೆ ಅತ್ತಿತ್ತ ಆಡಿಸಿ ನೋಡಿದಳು, ಕೈ ಎತ್ತಿ ನೋಡಿದಳು, ಫೋನಿನೊಳಗಿನವಳೂ ಹಾಗೇ ಮಾಡಿದಳು.

"ನಾ ಹೇಳಿದಂಗ ಕೇಳ್ತಾಳಲ್ಲ ಈಕಿ!" ಎಂದಳು. ಆಮೇಲೆ ಫೋನನ್ನು ನನ್ನ ಕೈಗೆ ಕೊಡುತ್ತ, "ಒಂದು ಉಪಕಾರ ಮಾಡ್ರಿ ಅಮ್ಮಾ. ನಾಳೆ ಹತ್ತಿ ಬಿಡಸಾಕ ಈಕಿನ್ನ ಕಳಸ್ರಿ, ನಾ ಮನ್ಯಾಗ ಮಲಕ್ಕೊಂತೀನಿ."

ದೇವರು ಕೊಟ್ಟ ಮುಖ

ನನಗೂ ನನ್ನ ತಮ್ಮನಿಗೂ ಪಾಠ ಹೇಳಿದ ನಿವೃತ್ತ ಹೆಡ್‌ಮಾಸ್ತರರು ಒಂದು ಭಾನುವಾರ ದವಾಖಾನೆಗೆ ಬಂದರು. ಟವೆಲ್ಲು ಇಲ್ಲ, ಏನಿಲ್ಲ. ನೇರ ಬೆಂಚುಗಳ ನಡುವೆ ನಿಂತು ಭಾಷಣ ಶುರುಮಾಡಿದರು.

"ಏನ್ ನಡದೈತಿ ಇದು? ಟೀವಿ ನೋಡಿ ಮೂಗು ಕೊಯ್ಯಿಸ್ಕೊಳ್ಳೋದು, ಫೋನ್ ನೋಡಿ ಗಲ್ಲ ಎತ್ತಿಸ್ಕೊಳ್ಳೋದು! ದೇವ್ರು ಕೊಟ್ಟ ಮುಖಕ್ಕ ತಿದ್ದುಪಡಿ ಮಾಡಾಕ ನೀವು ಯಾರು? ಆತ್ಮವಿಶ್ವಾಸ ಎಲ್ಲಿ ಹೋತು?"

ಬೆಂಚಿನಲ್ಲಿದ್ದವರು ತಲೆ ತಗ್ಗಿಸಿದರು. ಇಬ್ಬರು ಎದ್ದು ಹೊರಟೇಬಿಟ್ಟರು. ಹಳೆಯ ಅಭ್ಯಾಸ, ನಾನೂ ಎದ್ದು ಕೈಕಟ್ಟಿ ನಿಂತಿದ್ದೆ.

ಇದರ ಬಗ್ಗೆ ಒಂದು ಮಾಸಪತ್ರಿಕೆಗೆ ಖಡಕ್ಕಾದ ಲೇಖನ ಬರೆಯುತ್ತಿರುವುದಾಗಿ ಹೇಳಿದರು. ಇಲ್ಲಿ ಏನೇನು ಮಾಡುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ, ನೋವಾಗುತ್ತದೆಯೋ ಎಂದು ಎಲ್ಲ ಕೇಳಿ ಬರೆದುಕೊಂಡರು. ಪೆನ್ನು ಜೇಬಿಗೆ ಸಿಕ್ಕಿಸಿದ ಮೇಲೂ ಹೋಗಲಿಲ್ಲ. ಮೇಜಿನ ಮೇಲೆ ಬಗ್ಗಿ ದನಿ ಇಳಿಸಿದರು.

"ಲೇಖನದ ಜೋಡಿ ಫೋಟೋ ಹಾಕ್ತಾರಂತವ್ವ. ಫೋಟೋದಾಗ ಈ ಗಲ್ಲದ ಮ್ಯಾಗಿನ ಮಚ್ಚಿ ಭಾಳ ದೊಡ್ಡದು ಕಾಣತೈತಿ. ಇದನ್ನ ಇವತ್ತ ತೆಗೆಯಾಕ ಆಗತೈತೇನು?"

"ಅದೂ ದೇವ್ರು ಕೊಟ್ಟದ್ದಲ್ಲೇನ್ರಿ ಸರ್?"

ಮಾಸ್ತರರು ಒಂದು ಕ್ಷಣವೂ ತಡೆಯಲಿಲ್ಲ. "ಅಲ್ಲ. ಇದು ರಿಟೈರ್ ಆದಮ್ಯಾಗ ಬಂದದ್ದು."

ಪ್ರಸಾದ

ಲೇಖನ ಬಂತು. ಮೇಲೆ ನುಣ್ಣಗಿನ ಗಲ್ಲದ ಮಾಸ್ತರರ ಫೋಟೋ. ತಮ್ಮ ಅದನ್ನು ಎರಡು ಸಲ ಓದಿದ, ಫೋಟೋ ಹತ್ತು ಸಲ ನೋಡಿದ. "ಮಾಸ್ತರ ಮಾಡಿಸ್ಕೊಂಡಾರಂದ್ರ…" ಎಂದು ಗೊಣಗಿದ. ಮುಂದಿನ ಭಾನುವಾರ ಬೈಕು ಕೆಳಗೆ ನಿಲ್ಲಿಸಿ, ನನ್ನ ಹಿಂದೆ ಮೆಟ್ಟಿಲು ಹತ್ತಿದ.

ಕೂದಲು ನೆಡಬೇಕೆಂದರೆ ಮೊದಲು ತಲೆ ಪೂರ್ತಿ ನುಣ್ಣಗೆ ಬೋಳಿಸುತ್ತಾರೆ. ಹಿಂದೆ ಉಳಿದ ಬೇರುಗಳನ್ನು ಒಂದೊಂದಾಗಿ ಕಿತ್ತು ಮುಂದೆ ನಾಟಿ ಮಾಡುತ್ತಾರೆ. ಅವು ಚಿಗುರಿ ತಲೆ ತುಂಬಲು ಹೆಚ್ಚುಕಡಿಮೆ ಒಂದು ವರ್ಷ. ತಮ್ಮ ರಜೆ ಹಾಕಿ, ಗಾಯದ ಹಕ್ಕಳೆ ಉದುರುವ ತನಕ ಮನೆಯಲ್ಲಿದ್ದು, ಬೋಳು ತಲೆಯಲ್ಲಿ ಕಚೇರಿಗೆ ಹೋದ. ಏನು ಕಾರಣ ಹೇಳಬೇಕೆಂದು ದಾರಿಯುದ್ದಕ್ಕೂ ಅವನಿಗೆ ಚಿಂತೆ.

ಕಾರಣ ಹೇಳುವ ಕೆಲಸವೇ ಬೀಳಲಿಲ್ಲ. ನಮ್ಮ ಕಡೆ ಗಂಡಸಿನ ಬೋಳು ತಲೆ ಕಂಡರೆ ಜನ ಕೇಳುವುದು ಒಂದೇ. ಎಲ್ಲರೂ ಎದ್ದು ನಿಂತರು. "ಶ್ರೀಶೈಲಕ್ಕ ಹೋಗಿ ಮುಡಿ ಕೊಟ್ಟು ಬಂದ್ರೇನ್ರಿ? ಒಂದು ಮಾತು ಹೇಳಬಾರದಾ?"

ಇವನು ಹೂಂ ಎಂದ. ಅಷ್ಟಕ್ಕೇ ಮುಗಿಯಲಿಲ್ಲ. "ಪ್ರಸಾದ ಎಲ್ರಿ?"

ಇವನು ಹೊರಗೆ ಬಂದು ನನಗೆ ಫೋನು ಮಾಡಿದ. ನಾನು ಮಿಠಾಯಿ ಅಂಗಡಿಗೆ ಓಡಿ ಲಡ್ಡು ಕಟ್ಟಿಸಿಕೊಂಡು, ಅಂಗಡಿಯ ಹೆಸರಿದ್ದ ಡಬ್ಬಿ ಬಿಸಾಕಿ, ಬಾಳೆ ಎಲೆಯಲ್ಲಿ ಸುತ್ತಿ ಹಾಲಹರವಿ ಬಸ್ಸಿನಲ್ಲಿ ಕಳಿಸಿಕೊಟ್ಟೆ. ಕಚೇರಿಯವರು ಚಪ್ಪಲಿ ಬಿಟ್ಟು, ಎರಡೂ ಕೈ ಚಾಚಿ ತೆಗೆದುಕೊಂಡರಂತೆ.

ಅವನ ಮೇಲಧಿಕಾರಿ ಕಣ್ಣಿಗೆ ಒತ್ತಿಕೊಂಡು ತಿಂದು, ಕಣ್ಣು ಮುಚ್ಚಿ ಹೇಳಿದರಂತೆ: "ದೇವ್ರ ಪ್ರಸಾದ ಅಂದ್ರ ಇದು ನೋಡ್ರಿ. ಅಂಗಡ್ಯಾಗಿನ ಲಡ್ಡಿಗೆ ಈ ರುಚಿ ಎಲ್ಲಿಂದ ಬರಬೇಕು?"

ಅವ್ವನ ಹರಕೆ

ಒಂದು ವರ್ಷ ತುಂಬುವಷ್ಟರಲ್ಲಿ ನನ್ನ ತಮ್ಮನ ತಲೆಯಲ್ಲಿ ಕೂದಲು ಬಂತು. ಬಂದದ್ದೂ ಹೇಗೆ, ಬೈತಲೆ ತೆಗೆಯುವಷ್ಟು! ಅವನು ಗಾಳಿಗೆ ಎದುರಾಗಿ ನಿಲ್ಲುವುದನ್ನು ಕಲಿತ. ಜೇಬಿನಲ್ಲಿ ಬಾಚಣಿಗೆ ಬಂತು. ಹೆಣ್ಣು ನೋಡಲು ಬರುತ್ತೇನೆಂದು ತಾನೇ ಹೇಳಿದ.

ಮಾಧವರಂನಲ್ಲಿ ಹುಡುಗಿ. ಸಣ್ಣ ಮಕ್ಕಳ ಶಾಲೆಯಲ್ಲಿ ಟೀಚರು. ಅವರ ಮನೆಯ ಅಂಗಳದಲ್ಲಿ ಇಬ್ಬರೂ ಅರ್ಧ ಗಂಟೆ ಮಾತಾಡಿದರು, ಎರಡೂ ಕಡೆ ಒಪ್ಪಿಗೆಯಾಯಿತು. ಬೇಸಿಗೆಯಲ್ಲಿ ಮುಹೂರ್ತ. ನಾಟಿಯ ವಿಷಯ ಅವರಿಗೆ ಹೇಳಿರಲಿಲ್ಲ. ಹೇಳೋಣ ಎಂದು ನಾನು, ಲಗ್ನ ಆದಮೇಲೆ ಹೇಳೋಣ ಎಂದು ಅವನು.

ಮದುವೆಗೆ ಇಪ್ಪತ್ತು ದಿನ ಇರುವಾಗ ಅವ್ವ ಊಟಕ್ಕೆ ಬಡಿಸುತ್ತ, "ಶ್ರೀಶೈಲಕ್ಕ ಯಾವತ್ತು ಹೋಗೂಣು?" ಎಂದಳು.

"ಲಗ್ನ ಆದಮ್ಯಾಗ ಜೋಡಿಲೇ ಹೋಗ್ತೀವಲ್ಲಬೇ" ಎಂದ ತಮ್ಮ.

"ಅದು ಬ್ಯಾರೆ. ಇದು ಮುಡಿ ಕೊಡಾಕ."

ತಮ್ಮನ ಕೈಯಲ್ಲಿನ ರೊಟ್ಟಿ ಹಾಗೇ ನಿಂತಿತು. ನಾವು ದೇವರ ಹೆಸರಿನಲ್ಲಿ ಲಡ್ಡು ಹಂಚಿದ್ದು ಅವ್ವನಿಗೆ ಅವತ್ತೇ ಗೊತ್ತಾಗಿತ್ತು. ಹೆದರಿಕೊಂಡು, ಸ್ನಾನ ಮಾಡಿ, ಶ್ರೀಶೈಲದ ಮಲ್ಲಯ್ಯನ ಫೋಟೋದ ಮುಂದೆ ನಿಂತು ಬೇಡಿಕೊಂಡಿದ್ದಳು: "ನನ್ನ ಮಕ್ಕಳು ಸುಳ್ಳು ಹೇಳ್ಯಾವ, ಹೊಟ್ಟಿಗೆ ಹಾಕ್ಕೋ. ನನ್ನ ಮಗನ ತಲಿ ತುಂಬ ಕೂದಲ ಬಂದು ಲಗ್ನ ಕೂಡಿ ಬಂದ್ರ, ತಾಳಿ ಕಟ್ಟೋಕಿಂತ ಮೊದಲ ಆ ಕೂದಲ ನಿನಗ ಒಪ್ಪಸ್ತೀನಿ."

"ಅವ್ವಾ, ಲಗ್ನ ಆದ ಮರುದಿನ ಕೊಡ್ತೀನಬೇ!"

"ಮೊದಲ ಅಂದೀನಿ."

"ಹೆಣ್ಣುಮಕ್ಕಳು ಕೊಡ್ತಾರಲ್ಲ, ಮೂರು ಕತ್ತರಿ? ಹಂಗ ಮೂರು ಎಳಿ ಕೊಟ್ರ ಆಗೂದಿಲ್ಲೇನು?"

"ನೀ ಹೆಣ್ಣುಮಗಳೇನು?"

ನಾನು ಡಾಕ್ಟರಿಗೆ ಫೋನು ಹಚ್ಚಿದೆ. ಅವರು ಎರಡು ನಿಮಿಷ ನಕ್ಕು, ಬೋಳಿಸಿದರೆ ಏನೂ ಕೆಡುವುದಿಲ್ಲ, ಬೇರು ಗಟ್ಟಿಯಾಗಿದೆ, ಮತ್ತೆ ಬರುತ್ತದೆ ಎಂದರು. "ಕಾನಿ ಪೆಳ್ಳಿಕಿ ರಾದಮ್ಮಾ." ಮದುವೆಯ ಹೊತ್ತಿಗೆ ಮಾತ್ರ ಬರುವುದಿಲ್ಲ.

ಎರಡು ದಿನ ತಮ್ಮ ಬಾಚಣಿಗೆ ಹಿಡಿದುಕೊಂಡು ಕನ್ನಡಿಯ ಮುಂದೆ ನಿಂತಿರುತ್ತಿದ್ದ. ಆ ತಲೆಗಾಗಿ ಅವನು ಪಟ್ಟ ಅವಮಾನ ನೋಡಿದವಳು ನಾನು. ಅವ್ವನ ಮೇಲೆ ಸಿಟ್ಟು ಬಂತು, ಆದರೆ ಅವಳ ಮುಖ ನೋಡಿದರೆ ಆ ಸಿಟ್ಟು ಉಳಿಯುತ್ತಿರಲಿಲ್ಲ. ಮಗನ ಸುಳ್ಳಿಗೆ ಮಗನಿಗೆ ಕೇಡಾಗಬಾರದೆಂದು ಒಂದು ವರ್ಷದಿಂದ ಒಬ್ಬಳೇ ಹೆದರಿಕೊಂಡಿದ್ದಳು.

ಮೂರನೇ ದಿನ ಬೆಳಿಗ್ಗೆ ತಮ್ಮ ನಮ್ಮ ಎದುರಿಗೇ ಕೂತು ಮಾಧವರಂಗೆ ಫೋನು ಮಾಡಿದ. ಧ್ವನಿ ಹೊರಗೆ ಕೇಳುವ ಹಾಗೆ ಇಟ್ಟ. "ನಾನು ಒಂದು ಹೇಳಬೇಕು. ನಾನು ಬೋಳ. ಈಗ ಇರೋದು ನೆಡಸಿದ ಕೂದಲ. ಅದನ್ನೂ ಅವ್ವ ದೇವ್ರಿಗೆ ಬೇಡಿಕೊಂಡಾಳ. ಲಗ್ನದ ದಿನ ನನ್ನ ತಲಿ ಬೋಳ ಇರತೈತಿ. ನಿಮಗ ಬ್ಯಾಡ ಅನಿಸಿದ್ರ ಈಗ ಹೇಳ್ರಿ." ಒಂದೇ ಉಸಿರಿಗೆ ಹೇಳಿ ಕಣ್ಣು ಮುಚ್ಚಿಕೊಂಡ.

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಅಂದ್ರ ಅದು ವಿಗ್ ಅಲ್ಲೇನ್ರಿ?" ಎಂದಳು ಹುಡುಗಿ.

"ಏನು?"

"ನಾವೆಲ್ಲಾ ವಿಗ್ ಅಂದ್ಕೊಂಡಿದ್ವಿ. ನೀವು ತಾಸಿಗೆ ಹತ್ತು ಸಲ ಮುಟ್ಟಿ ಮುಟ್ಟಿ ನೋಡ್ಕೊಂತಿದ್ರಿ. ಇರ್ಲಿ ಬಿಡು, ಮನಶ್ಯಾ ಚಲೋ ಅದಾನ ಅಂತ ಒಪ್ಪೀವಿ. ಬ್ಯಾಸಿಗಿ ಲಗ್ನ, ವಿಗ್ಗಿನಾಗ ತಲಿ ಕುದೀತೈತಿ, ತೆಗದಿಟ್ಟು ಕುಂದ್ರು ಅಂತ ಅಳಿಯಗ ಹೆಂಗ ಹೇಳೋದು ಅಂತ ನಮ್ಮಪ್ಪ ಒಂದು ತಿಂಗಳಿಂದ ಚಿಂತಿ ಮಾಡಾಕತ್ಯಾನ!"

ಇಷ್ಟು ಕೇಳಿದರೆ ಬೇರೆ ಯಾರೇ ಆದರೂ ದೇವರಿಗೆ ಕೈಮುಗಿಯಬೇಕು. ನನ್ನ ತಮ್ಮನಿಗೆ ಸಿಟ್ಟು ಬಂತು. "ವಿಗ್ಗಾ? ಅಸಲಿ ಕೂದಲ ರೀ! ನನ್ನ ಸ್ವಂತ ಬೇರಿನವು! ಬಂದು ತೋರಸ್ತೀನಿ!"

ಆದೋನಿಯಿಂದ ಶ್ರೀಶೈಲಕ್ಕೆ ಪೂರ್ವದ ದಾರಿ, ಮಾಧವರಂ ಇರುವುದು ಉತ್ತರಕ್ಕೆ. ಆದರೂ ನಮ್ಮ ಕಾರು ಮೊದಲು ಮಾಧವರಂಗೆ ಹೋಯಿತು. ತಮ್ಮ ಅಂಗಳದ ಮಂಚದ ಮೇಲೆ ಕೂತು, ತಲೆ ಬಗ್ಗಿಸಿ, "ಎಳೀರಿ ಮಾವಾರ" ಎಂದ. ಮಾವ ಸಂಕೋಚಪಟ್ಟುಕೊಂಡು ಮೊದಲು ಮೆಲ್ಲಗೆ ಎಳೆದರು. ಆಮೇಲೆ ಆಸಕ್ತಿ ಬಂದು ಎರಡೂ ಕೈಯಲ್ಲಿ ಎಳೆದರು. ಹುಡುಗಿಯ ಅಜ್ಜಿ ಎಳೆದಳು. ಪಕ್ಕದ ಮನೆಯವರು ಬಂದು ಎಳೆದರು. ಕೊನೆಗೆ ಹುಡುಗಿ ಬಂದು ಎಲ್ಲರಿಗಿಂತ ಜೋರಾಗಿ ಎಳೆದಳು. ತಮ್ಮ "ಅವ್ವಾ!" ಎಂದು ಕೂಗಿಕೊಂಡ. "ಅಸಲಿನ ಐತಿ. ಇನ್ನ ಹೋಗಿ ಕೊಟ್ಟು ಬರ್ರಿ" ಎಂದಳು ಹುಡುಗಿ. ಅವನಿಗೂ ನಗು ಬಂತು, ನನಗೆ ನಗುವಿನ ಜೊತೆ ಅಳುವೂ ಬಂತು.

ಮದುವೆಯ ದಿನ ಬೋಳು ತಲೆಗೆ ಕಟ್ಟಿದ ಬಾಸಿಂಗ ಜಾರಿ ಜಾರಿ ಮೂಗಿಗೆ ಬರುತ್ತಿತ್ತು. ಮದುಮಗಳು ಅದನ್ನು ಮೇಲೆ ಸರಿಸಿ ಸರಿಸಿ ಸಾಕಾಗಿ, ಕಡೆಗೆ ಒಂದು ಬೆರಳಲ್ಲಿ ಹಿಡಿದುಕೊಂಡೇ ಕೂತಳು. ಬೋಳು ತಲೆಯ ವರನನ್ನು ಕಂಡು ಬಂದವರೆಲ್ಲ ಗಾಬರಿಯಾಗಿ, ಗಂಡಿನ ಮನೆಯಲ್ಲಿ ಯಾರಾದರೂ ತೀರಿಕೊಂಡರೇ ಎಂದು ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಅಪ್ಪನನ್ನು ಕೇಳುತ್ತಿದ್ದರು.

ಅವರು ಎದೆ ಸೆಟೆಸಿ ಒಬ್ಬೊಬ್ಬರಿಗೂ ಹೇಳುತ್ತಿದ್ದರು: "ಏನೂ ಆಗಿಲ್ಲ್ರಿ, ಮುಡಿ ಕೊಟ್ಟು ಬಂದಾರ. ತಲಿ ತುಂಬ ಅಸಲಿ ಕೂದಲ ಇತ್ತು. ನಾನ ಎಳದು ನೋಡೀನಿ!"